ಶಾಲು, ಪೇಟ, ಸ್ಮರಣಿಕೆ: ಮೂಳೆ ಕಟ್ಟೋರ ಪ್ರಶಸ್ತಿಗೆ ಒಂದು ಲೆಕ್ಕ

ಶಿವಮೊಗ್ಗ–ಭದ್ರಾವತಿ ಬಸ್ಸಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳ್ತಿರೋರಿಗೆ, ಅಡುಗೆಮನೆ ಕಟ್ಟೆ ಮೇಲೆ ಫೋನ್ ಒರಗಿಸಿಟ್ಟು ಕೇಳ್ತಿರೋರಿಗೆ, ಕೇಳೋಕೆ ಪುರುಸೊತ್ತಿಲ್ಲ, ಓದಿಬಿಡ್ತೀನಿ ಅಂತ ಇಲ್ಲಿಗೆ ಬಂದಿರೋರಿಗೆ, ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಪ್ರಶಸ್ತಿ. ಸಿನಿಮಾದ್ದಲ್ಲ, ಸಾಹಿತ್ಯದ್ದೂ ಅಲ್ಲ. ಮೂಳೆ, ಕೀಲು, ಸೊಂಟ ನೋಡೋರಿಗೆ ಸಿಗೋ ಪ್ರಶಸ್ತಿ. ಅದರಲ್ಲಿ ಆಸ್ಪತ್ರೆಯ ಆರ್ಥೋ ಡಾಕ್ಟರೂ ಬರ್ತಾರೆ, ಹಳ್ಳಿಯಲ್ಲಿ ಬಿದಿರಿನ ದಬ್ಬೆ ಇಟ್ಟು ಕಟ್ಟು ಹಾಕೋ ನಾಟಿ ವೈದ್ಯರೂ ಬರ್ತಾರೆ. ಇತ್ತೀಚೆಗೆ "ಆಸ್ಟಿಯೋಪತಿ" ಅಂತ ಬೋರ್ಡ್ ಹಾಕ್ಕೊಂಡು ಬೆನ್ನು, ಕತ್ತು ನೀವೋರೂ ಸೇರಿಕೊಂಡಿದ್ದಾರೆ. ನನ್ನ ಪ್ರಶ್ನೆ ಇಷ್ಟೇ. ಆ ಪ್ರಶಸ್ತಿ ನೋಡಿ ನಾವು, ಅಂದ್ರೆ ಮುರಿದ ಕೈ ಹಿಡ್ಕೊಂಡು ಬಾಗಿಲಲ್ಲಿ ನಿಂತಿರೋರು, ಏನು ಅಂದ್ಕೋಬೇಕು?

ನಾನು ಓದಿದ್ದು ಬಿಕಾಂ. ಮೂಳೆ ಬಗ್ಗೆ ನನಗೆ ಗೊತ್ತಿರೋದು ಕಡಿಮೆ. ಲೆಕ್ಕ ನೋಡೋದು ಸ್ವಲ್ಪ ಗೊತ್ತು. ಹಾಗಾಗಿ ಇದನ್ನ ಲೆಕ್ಕದ ಕಡೆಯಿಂದಲೇ ನೋಡ್ತೀನಿ.

ಮೊದಲು ಬೋರ್ಡ್‌ಗಳ ಕಡೆ ಹೋಗೋಣ. ಶಿವಮೊಗ್ಗದಲ್ಲಿ ಕುವೆಂಪು ರಸ್ತೆ, ಸವಳಂಗ ರಸ್ತೆ ಕಡೆ ಒಂದು ಸುತ್ತು ಹಾಕಿ. ಇಲ್ಲಾ ಭದ್ರಾವತಿಯಲ್ಲಿ ಬಿ.ಎಚ್. ರಸ್ತೆ ಹಿಡಿದು ನಡೀರಿ. ಕ್ಲಿನಿಕ್ಕಿನ ಬೋರ್ಡಲ್ಲಿ ಡಾಕ್ಟರ ಹೆಸರು, ಡಿಗ್ರಿ, ಅದರ ಕೆಳಗೆ "ಪುರಸ್ಕೃತರು" ಅಂತ ಒಂದು ಸಾಲು, ಪಕ್ಕದಲ್ಲಿ ಯಾರದೋ ಕೈಯಿಂದ ಶೀಲ್ಡ್ ತಗೊಳ್ತಿರೋ ಫೋಟೋ. ಹಳ್ಳಿ ಕಡೆ ಹೋದ್ರೆ ಫ್ಲೆಕ್ಸು ಇನ್ನೂ ಬಣ್ಣ ಬಣ್ಣ. ಮೈಸೂರು ಪೇಟ, ಶಾಲು, ಗಂಧದ ಹಾರ. ಡಿಗ್ರಿ ಇರಬೇಕಾದ ಜಾಗದಲ್ಲಿ ಪ್ರಶಸ್ತಿಯ ಹೆಸರು.

ಈ "ಡಿಗ್ರಿ ಇರಬೇಕಾದ ಜಾಗ" ಅಂದೆನಲ್ಲ, ಅದಕ್ಕೊಂದು ನಿಯಮ ಇದೆ. ವೈದ್ಯರ ನಡವಳಿಕೆ ಬಗ್ಗೆ 2002ರಲ್ಲಿ ಭಾರತೀಯ ವೈದ್ಯಕೀಯ ಮಂಡಳಿ ಮಾಡಿದ ನಿಯಮಾವಳಿಯ ಪ್ರಕಾರ, ಅಲೋಪತಿ ಡಾಕ್ಟರ್ ತಮ್ಮ ಹೆಸರಿನ ಮುಂದೆ ಮಾನ್ಯತೆ ಪಡೆದ ಪದವಿ, ಇಲ್ಲವೇ ವೃತ್ತಿಯ ಜ್ಞಾನವನ್ನೋ ವಿಶೇಷ ಸಾಧನೆಯನ್ನೋ ಗುರುತಿಸುವ ಪ್ರಮಾಣಪತ್ರ, ಸದಸ್ಯತ್ವ, ಗೌರವ ಇಷ್ಟನ್ನೇ ಹಾಕ್ಕೋಬೇಕು. ಜಾಹೀರಾತು ಕೊಟ್ಟು ರೋಗಿಗಳನ್ನ ಸೆಳೆಯೋ ಹಾಗಿಲ್ಲ. ಜೊತೆಗೆ ನಮ್ಮ ರಾಜ್ಯದಲ್ಲಿ ಕೆಪಿಎಂಇ ಕಾಯ್ದೆ ಇದೆ, 2007ರದ್ದು. ಖಾಸಗಿ ಕ್ಲಿನಿಕ್ಕು, ಆಸ್ಪತ್ರೆ ಅಂದ್ರೆ ಅದರಡಿ ನೋಂದಣಿ ಆಗಿರಲೇಬೇಕು. 2024ರಲ್ಲಿ ಆರೋಗ್ಯ ಇಲಾಖೆ ಆ ನೋಂದಣಿ ಸಂಖ್ಯೆಯನ್ನ ಬೋರ್ಡಿನ ಮೇಲೆ ಬರೀರಿ, ಅಲೋಪತಿ ಆದ್ರೆ ನೀಲಿ ಬೋರ್ಡು, ಆಯುರ್ವೇದ ಆದ್ರೆ ಹಸಿರು ಅಂತ ಹೇಳಿತು. ಬೋರ್ಡಲ್ಲಿ ನಾವು ಹುಡುಕಬೇಕಾಗಿದ್ದು ಆ ಸಣ್ಣ ಅಕ್ಷರದ ನಂಬರು. ಆದ್ರೆ ನಮ್ಮ ಕಣ್ಣು ಹೋಗೋದು ಪೇಟದ ಕಡೆ. ನಂದೂ ಅಲ್ಲೇ ಹೋಗುತ್ತೆ, ಸುಳ್ಳು ಯಾಕೆ ಹೇಳಲಿ.

ಈಗ ಸ್ವಲ್ಪ ದೂರದ ಒಂದು ಕಥೆ ಹೇಳ್ತೀನಿ. ಬೇಜಾರು ಮಾಡ್ಕೋಬೇಡಿ, ಊರಿಗೆ ವಾಪಸ್ ಬರ್ತೀನಿ.

ಆಸ್ಟಿಯೋಪತಿ ಶುರುವಾಗಿದ್ದು ಅಮೆರಿಕದಲ್ಲಿ. ಶುರು ಮಾಡಿದವರು ಆಂಡ್ರ್ಯೂ ಟೇಲರ್ ಸ್ಟಿಲ್. 1864ರಲ್ಲಿ ಮೆದುಳು ಜ್ವರಕ್ಕೆ ಮನೆಯ ಮೂರು ಮಕ್ಕಳನ್ನ ಕಳ್ಕೊಂಡ ಮನುಷ್ಯ. ಆಗಿನ ಡಾಕ್ಟರಿಕೆಯ ಮೇಲೆ ನಂಬಿಕೆ ಹೋಯ್ತು. ಮೂಳೆ, ಕೀಲು, ಸ್ನಾಯು ಸರಿ ಇದ್ರೆ ದೇಹ ತನ್ನನ್ನ ತಾನೇ ನೋಡ್ಕೊಳ್ಳುತ್ತೆ ಅನ್ನೋ ವಿಚಾರ 1874ರಿಂದ ಹೇಳೋಕೆ ಶುರು ಮಾಡಿದರು. ಯಾರೂ ಹತ್ತಿರ ಸೇರಿಸಲಿಲ್ಲ. ಊರೂರು ತಿರುಗಿ ಚಿಕಿತ್ಸೆ ಮಾಡಿದರು. ಆಗ ಅವರು ತಮ್ಮನ್ನ ಏನಂತ ಕರ್ಕೊಂಡಿದ್ರು ಗೊತ್ತಾ? "ಮಿಂಚಿನ ವೇಗದಲ್ಲಿ ಮೂಳೆ ಕೂರಿಸುವವ" ಅಂತ. ಅಂದ್ರೆ ನಮ್ಮ ಹಳ್ಳಿಯ ಮೂಳೆ ಕಟ್ಟೋರು ಇದ್ದಾರಲ್ಲ, ಅದೇ ಜಾತಿಯ ಕೆಲಸ. ಬೋರ್ಡಿನ ಭಾಷೆಯೂ ಹೆಚ್ಚುಕಮ್ಮಿ ಅದೇ.

ಅಲ್ಲಿಂದ ಮುಂದೆ ಅವರ ದಾರಿ ಬೇರೆ ಆಯ್ತು. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್ ಊರಲ್ಲಿ ಶಾಲೆ ತೆಗೆದರು. ಮೊದಲ ತಂಡದಲ್ಲೇ ಹೆಣ್ಣುಮಕ್ಕಳಿದ್ದರು. 1897ರಲ್ಲಿ ಸಂಘ ಆಯ್ತು, ಅದೇ ಇವತ್ತಿನ ಅಮೆರಿಕನ್ ಆಸ್ಟಿಯೋಪತಿಕ್ ಅಸೋಸಿಯೇಷನ್. ಆಮೇಲೆ ಒಂದೊಂದೇ ರಾಜ್ಯದಲ್ಲಿ ಕಾನೂನು, ಪರೀಕ್ಷೆ, ಲೈಸೆನ್ಸ್. 1966ರಲ್ಲಿ ಅಮೆರಿಕದ ಸೇನೆ ಇವರನ್ನ ವೈದ್ಯಾಧಿಕಾರಿಗಳಾಗಿ ತಗೊಂಡಿತು. 1973ರಲ್ಲಿ ಕೊನೆಯದಾಗಿ ಮಿಸಿಸಿಪ್ಪಿ ರಾಜ್ಯವೂ ಪೂರ್ತಿ ವೈದ್ಯರ ಹಕ್ಕು ಕೊಟ್ಟಿತು. ಶಾಲೆ ತೆಗೆದ ಮೇಲೂ ಎಂಬತ್ತು ವರ್ಷ ಹಿಡೀತು ನೋಡಿ. ಇವತ್ತು ಆ ಸಂಘ ವರ್ಷ ವರ್ಷ ಸೇವೆಗೆ, ಸಾಧನೆಗೆ ಅಂತ ತನ್ನವರಿಗೆ ಪ್ರಶಸ್ತಿ ಕೊಡುತ್ತೆ. ಸ್ಟಿಲ್ ಹೆಸರಲ್ಲೇ ಪದಕ ಇದೆ. ಅಲ್ಲಿ ಆ ಪದಕ ತಗೊಂಡೋರ ಹಿಂದೆ ಮೊದಲೇ ಒಂದು ಡಿಗ್ರಿ, ಒಂದು ಪರೀಕ್ಷೆ, ಒಂದು ಲೈಸೆನ್ಸ್ ಇರುತ್ತೆ. ಪದಕ ಕಿತ್ತುಹಾಕಿದ್ರೂ ಅವರು ಡಾಕ್ಟರೇ.

ಇದರ ಮಧ್ಯೆ ಒಂದು ತಮಾಷೆ. 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆಸ್ಟಿಯೋಪತಿಯವರನ್ನೆಲ್ಲ ಅಲೋಪತಿಯ ಜೊತೆ ವಿಲೀನ ಮಾಡಿದರು. ಸುಮಾರು 2,000 ಜನ 65 ಡಾಲರ್ ಕಟ್ಟಿ, ಒಂದು ಚಿಕ್ಕ ತರಬೇತಿಗೆ ಕೂತು, ತಮ್ಮ ಡಿ.ಓ. ಪದವಿ ಬಿಟ್ಟು ಎಂ.ಡಿ. ಅಂತ ಬರ್ಕೊಂಡರು. ಆಗಿನ ರೂಪಾಯಿ ಲೆಕ್ಕದಲ್ಲಿ ಹತ್ತಿರ ಹತ್ತಿರ ₹310. ದುಡ್ಡಿಗೆ ಡಿಗ್ರಿ ಮಾರಾಟ ಅಂದ್ರೆ ಇದೇ ಅಲ್ವಾ ಅಂತ ನೀವು ಕೇಳಬಹುದು. ಆದ್ರೆ ಅವರೆಲ್ಲ ಅಷ್ಟೊತ್ತಿಗೆ ವೈದ್ಯಕೀಯ ಓದಿ, ಪರೀಕ್ಷೆ ಬರೆದು, ಲೈಸೆನ್ಸ್ ತಗೊಂಡು ಕೆಲಸ ಮಾಡ್ತಿದ್ದೋರು. ಬದಲಾಗಿದ್ದು ಹೆಸರಿನ ಮುಂದಿನ ಎರಡು ಅಕ್ಷರ. ಮುಂದೆ 1974ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆಸ್ಟಿಯೋಪತಿಯವರಿಗೆ ಮತ್ತೆ ಲೈಸೆನ್ಸ್ ಕೊಡಬೇಕು ಅಂತ ತೀರ್ಪು ಕೊಟ್ಟಿತು.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಗೊಂದಲ ಬೇಡ. ಅಮೆರಿಕದಲ್ಲಿ ಡಿ.ಓ. ಅಂದ್ರೆ ಆಪರೇಷನ್ ಮಾಡೋ, ಔಷಧಿ ಬರೆಯೋ ಪೂರ್ತಿ ಡಾಕ್ಟರು. ನಮ್ಮೂರಲ್ಲಿ "ಆಸ್ಟಿಯೋಪತಿ" ಅಂತ ಬೋರ್ಡ್ ಕಂಡ್ರೆ ಅದೇ ಅರ್ಥ ಮಾಡ್ಕೋಬೇಡಿ. ಎಂಬಿಬಿಎಸ್‌ಗೆ ಇರೋ ಥರದ ಸ್ವಂತ ಮಂಡಳಿ ಅದಕ್ಕಿಲ್ಲಿ ಇಲ್ಲ. ಅವರು ಏನು ಓದಿದ್ದಾರೆ, ಎಲ್ಲಿ ನೋಂದಣಿ ಆಗಿದ್ದಾರೆ ಅಂತ ಬಾಯಿಬಿಟ್ಟು ಕೇಳಿ. ಕೇಳೋದ್ರಲ್ಲಿ ಮರ್ಯಾದೆ ಹೋಗಲ್ಲ.

ಸರಿ, ಈಗ ಊರಿಗೆ ಬರೋಣ. ನಮ್ಮ ಕಡೆ ಮೂಳೆ ಕಟ್ಟೋ ವಿದ್ಯೆ ಹಳೇದು. "ಪುತ್ತೂರು ಕಟ್ಟು" ಅಂತ ಬೋರ್ಡ್ ನೋಡಿರ್ತೀರಿ. ಎಷ್ಟೋ ಜನ ಅದು ದಕ್ಷಿಣ ಕನ್ನಡದ ಪುತ್ತೂರು ಅಂದ್ಕೊಂಡಿದ್ದಾರೆ. ಅಲ್ಲ ಮಾರಾಯ್ರೇ, ಅದು ಆಂಧ್ರದ್ದು, ತಿರುಪತಿ ಹತ್ತಿರದ ಪುತ್ತೂರು. ಸೊಪ್ಪು ಅರೆದು ಹಚ್ಚಿ, ಮೊಟ್ಟೆ ಬಳಿದು, ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತೋದು. ಆ ಊರಿನ ಹೆಸರೇ ಈಗ ದಕ್ಷಿಣ ಭಾರತದ ತುಂಬ ಒಂದು ಬ್ರ್ಯಾಂಡ್ ಆಗಿದೆ. ಆ ಹೆಸರು ಹಾಕ್ಕೊಂಡೋರೆಲ್ಲ ಆ ಊರಲ್ಲಿ ಕಲಿತೋರು ಅಂತ ಏನೂ ಇಲ್ಲ. ಇನ್ನು ನಮ್ಮ ಜಿಲ್ಲೆಯಲ್ಲೇ, ಸಾಗರ ತಾಲ್ಲೂಕಿನ ನರಸೀಪುರ. ಅಲ್ಲಿನ ನಾರಾಯಣಮೂರ್ತಿ ವೈದ್ಯರು 2020ರಲ್ಲಿ ತೀರಿಕೊಂಡರು. ಅವರದ್ದು ಮೂಳೆ ಅಲ್ಲ, ಕ್ಯಾನ್ಸರಿಗೆ ಮರದ ಚಕ್ಕೆ ಕೊಡ್ತಿದ್ದರು. ಗುರುವಾರ, ಭಾನುವಾರ ಅಂದ್ರೆ ಬೇರೆ ರಾಜ್ಯದ ಗಾಡಿಗಳೆಲ್ಲ ಅಲ್ಲಿ ಸಾಲಾಗಿ ನಿಂತಿರ್ತಿದ್ದವು. ಆ ಚಕ್ಕೆಯಿಂದ ಕ್ಯಾನ್ಸರ್ ಹೋಗುತ್ತಾ ಅಂದ್ರೆ ನಾನು ಹೋಗುತ್ತೆ ಅಂತ ಹೇಳಲ್ಲ. ಅದಕ್ಕೆ ಬೇಕಾದ ವೈಜ್ಞಾನಿಕ ಪುರಾವೆ ನನ್ನ ಮುಂದಿಲ್ಲ. ನಾನು ಗಮನಿಸಿದ್ದು ಜನ ಅಷ್ಟು ದೂರದಿಂದ ಬರೋಕೆ ಯಾವ ಫ್ಲೆಕ್ಸೂ ಬೇಕಾಗಿರಲಿಲ್ಲ ಅನ್ನೋದನ್ನ.

ನಮ್ಮ ದೊಡ್ಡಪ್ಪ ಮೂಳೆ ಕಟ್ತಾರೆ. ಭದ್ರಾವತಿ ಹತ್ತಿರದ ಹಳ್ಳಿ, ಊರ ಹೆಸರು ಬೇಡ. ತೋಟದಲ್ಲಿ ಕಾಲು ಜಾರಿದೋರು, ಅಡಿಕೆ ಮರದಿಂದ ಬಿದ್ದೋರು, ಉಳುಕಿಸಿಕೊಂಡೋರು, ಕ್ರಿಕೆಟ್ ಆಡೋ ಹುಡುಗ್ರು, ಎಲ್ಲ ಬರ್ತಾರೆ. ದುಡ್ಡು ಇಷ್ಟು ಅಂತ ಇಲ್ಲ. ತೆಂಗಿನಕಾಯಿ, ವೀಳ್ಯದೆಲೆ, ಮೇಲೆ ಕೈಗೆ ಬಂದಷ್ಟು. ಅವರಿಗೆ ಎಪ್ಪತ್ತರ ಮೇಲಾಗಿದೆ.

ನಾಲ್ಕು ತಿಂಗಳ ಹಿಂದೆ ಅವರಿಗೊಂದು ಫೋನ್ ಬಂತು. "ಸರ್, ತಮ್ಮ ಸುದೀರ್ಘ ಸೇವೆಯನ್ನು ಗುರುತಿಸಿ ನಮ್ಮ ಆಯ್ಕೆ ಸಮಿತಿ ತಮ್ಮನ್ನು ರಾಜ್ಯಮಟ್ಟದ ಪ್ರಶಸ್ತಿಗೆ ಆಯ್ಕೆ ಮಾಡಿದೆ." ಸಂಸ್ಥೆ ಯಾವುದು ಅಂತ ನಾನು ಹೇಳಲ್ಲ, ಇದು ಅವರೊಬ್ಬರ ಕೆಲಸವೂ ಅಲ್ಲ. ಆಮೇಲೆ ವಾಟ್ಸಾಪಲ್ಲಿ ಪತ್ರ ಬಂತು. ಅದರಲ್ಲಿ ದೊಡ್ಡಪ್ಪನ ಹೆಸರಿನ ಹಿಂದೆ ಆಗಲೇ "ಡಾ." ಅಂತ ಹಾಕಿಬಿಟ್ಟಿದ್ದಾರೆ. ಕೊನೆಯಲ್ಲಿ ನೋಂದಣಿ ಶುಲ್ಕ ₹12,000. ಬೆಂಗಳೂರಿಗೆ ಬಂದುಹೋಗೋ ಖರ್ಚು ತಮ್ಮದೇ. ಜೊತೆಗೆ ಬರೋರಿಗೆ ಊಟ ಬೇಕಾದ್ರೆ ತಲೆಗೆ ಇಷ್ಟು ಅಂತ ಬೇರೆ.

ದೊಡ್ಡಪ್ಪ ನನ್ನ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲ ಮಗಾ, ಸನ್ಮಾನ ಅವರು ಮಾಡೋದು ಅಂದ್ಮೇಲೆ ದುಡ್ಡು ನಾನ್ಯಾಕೆ ಕೊಡ್ಬೇಕು?"

ಅವರ ಮಗ, ನನ್ನ ಅಣ್ಣ, ಕೊಡೋಣ ಅಂತ ಕೂತಿದ್ದ. ಅವನ ಕಾರಣ ಕೇಳಿ. "ಪಕ್ಕದ ತಾಲ್ಲೂಕಲ್ಲಿ ಆರೋಗ್ಯ ಇಲಾಖೆಯೋರು ಬಂದು ಒಬ್ಬರದ್ದು ಬಾಗಿಲು ಹಾಕಿಸಿದರಂತೆ. ಈ ಸರ್ಟಿಫಿಕೇಟ್ ಗೋಡೆ ಮೇಲಿದ್ರೆ ನಮ್ಮನ್ನ ಯಾರೂ ಮುಟ್ಟಲ್ಲ." ಆಸೆ, ಹೆಸರು ಅಂತ ಏನೂ ಇಲ್ಲ ಅದರಲ್ಲಿ. ಅವನಿಗಿದ್ದದ್ದು ಹೆದರಿಕೆ. ₹12,000 ಕೊಟ್ರೆ ಒಂದು ಕವಚ ಸಿಗುತ್ತೆ ಅಂದ್ಕೊಂಡಿದ್ದ. ಪ್ರಶಸ್ತಿ ಮಾರೋರು ಇದನ್ನ ಚೆನ್ನಾಗಿ ಬಲ್ಲರು. ಪತ್ರದಲ್ಲಿ "ಸರ್ಕಾರದಿಂದ ನೋಂದಾಯಿತ ಸಂಸ್ಥೆ" ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದರು. ಟ್ರಸ್ಟು, ಸೊಸೈಟಿ ಅಂತ ನೋಂದಣಿ ಮಾಡ್ಸೋದು ದೊಡ್ಡ ವಿಷಯ ಅಲ್ಲ. ನಾಳೆ ನಾವು ನಾಲ್ಕು ಜನ ಸೇರಿ ಮಾಡಿಸಬಹುದು. ಸಂಸ್ಥೆ ನೋಂದಣಿ ಆಗಿದ್ದಕ್ಕೂ ಅದು ಕೊಡೋ ಕಾಗದಕ್ಕೆ ಚಿಕಿತ್ಸೆ ಮಾಡೋ ಹಕ್ಕು ಬರೋದಕ್ಕೂ ಸಂಬಂಧವೇ ಇಲ್ಲ.

ಈಗ ನನ್ನ ಇಷ್ಟದ ಭಾಗ, ಲೆಕ್ಕ. ಇದು ನನ್ನ ಅಂದಾಜು, ಯಾರ ಪುಸ್ತಕವನ್ನೂ ನಾನು ನೋಡಿಲ್ಲ. ಒಂದು ಸಮಾರಂಭದಲ್ಲಿ 40 ಜನರಿಗೆ ಪ್ರಶಸ್ತಿ ಅನ್ಕೊಳ್ಳಿ. ತಲಾ ₹12,000 ಅಂದ್ರೆ ₹4,80,000 ಬಂತು. ಖರ್ಚಿಗೆ ಬನ್ನಿ. ಶಾಲು 200, ಹಾರ 150, ಪೇಟ 300, ಸ್ಮರಣಿಕೆ 700, ಹಣ್ಣಿನ ಬುಟ್ಟಿ 250. ಒಬ್ಬರಿಗೆ ₹1,600, ನಲವತ್ತು ಜನರಿಗೆ ₹64,000. ಸಭಾಂಗಣಕ್ಕೆ 25,000. ಫ್ಲೆಕ್ಸು, ಮೈಕು, ಫೋಟೋಗೆ 20,000. ಇನ್ನೂರು ಜನರ ಊಟಕ್ಕೆ ತಲಾ 200ರಂತೆ 40,000. ಒಟ್ಟು ₹1,49,000. ಉಳಿದದ್ದು ₹3,31,000. ಒಂದು ಭಾನುವಾರಕ್ಕೆ! ಮುಖ್ಯ ಅತಿಥಿಗಳಿಗೆ ಕಾರಿನ ಖರ್ಚು ಕಳೆದರೂ ಬೆಂಗಳೂರಲ್ಲಿ ಯಾವ ಹೋಟೆಲ್ಲೂ ಇಷ್ಟು ಲಾಭ ಮಾಡಲ್ಲ ಅಂತ ಕಾಣುತ್ತೆ.

ಇದು ಹಳ್ಳಿ ವೈದ್ಯರಿಗೆ ಮಾತ್ರ ಬರೋ ಫೋನ್ ಅಂದ್ಕೋಬೇಡಿ. ಎಂ.ಎಸ್. ಆರ್ಥೋ ಓದಿದ ಡಾಕ್ಟರುಗಳಿಗೂ ಬರುತ್ತೆ, ದರ ಮಾತ್ರ ಬೇರೆ. ಅಲ್ಲಿ "ಪ್ಯಾಕೇಜ್" ಅಂತಾರೆ. ವೇದಿಕೆ, ಪತ್ರಿಕೆಯಲ್ಲಿ ಅರ್ಧ ಪುಟ, ವಿಡಿಯೋ ಸಂದರ್ಶನ ಎಲ್ಲ ಸೇರಿ. ನಾನು ಮಾತಾಡ್ತಿರೋದು ಒಂದು ಸುದ್ದಿತಾಣದಲ್ಲಿ, ಹಾಗಾಗಿ ಹೇಳಲೇಬೇಕು. ಈ ವ್ಯಾಪಾರದಲ್ಲಿ ಮಾಧ್ಯಮಗಳೂ ಇವೆ. ಪ್ರಶಸ್ತಿ ಅಂತ ಹಾಕಿದ ಕಡೆಯೆಲ್ಲ "ಇದು ಜಾಹೀರಾತು" ಅಂತ ಹಾಕಿದ್ರೆ ನನ್ನದೇನೂ ತಕರಾರಿಲ್ಲ.

ಇನ್ನು ಆ "ಡಾ." ವಿಷಯ. ಗೌರವ ಡಾಕ್ಟರೇಟ್ ಅನ್ನೋದು ನಿಜವಾಗಿ ಇದೆ. ನಮ್ಮ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವೂ ಘಟಿಕೋತ್ಸವದಲ್ಲಿ ಕೊಡುತ್ತೆ. ಯುಜಿಸಿ ಕಾಯ್ದೆ 1956ರದ್ದು. ಅದರ 22ನೇ ಸೆಕ್ಷನ್ ಪ್ರಕಾರ ಪದವಿ ಕೊಡೋ ಹಕ್ಕು ಇರೋದು ಕಾನೂನಿನ ಪ್ರಕಾರ ಸ್ಥಾಪನೆಯಾದ ವಿಶ್ವವಿದ್ಯಾಲಯಗಳಿಗೆ, ಮತ್ತೆ ಅಂಥ ಅಧಿಕಾರ ಪಡೆದ ಸಂಸ್ಥೆಗಳಿಗೆ. ಬೇರೆಯವರು ಕೊಟ್ರೆ ಶಿಕ್ಷೆ ಏನು? 24ನೇ ಸೆಕ್ಷನ್ ಓದಿ ನಾನು ನಕ್ಕುಬಿಟ್ಟೆ. ದಂಡ, ಹೆಚ್ಚೆಂದರೆ ₹1,000. ಇವತ್ತಿನ ದಿನದಲ್ಲಿ ಅದು ನಾಲ್ಕು ಜನ ಹೋಟೆಲಲ್ಲಿ ಊಟ ಮಾಡಿದ ಬಿಲ್ಲು. ಯುಜಿಸಿ ಆಗಾಗ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿ ಹಾಕುತ್ತೆ. ಅದರಲ್ಲಿ ನಮ್ಮ ಗೋಕಾಕದ ಒಂದು ಸಂಸ್ಥೆಯ ಹೆಸರು ಹಲವು ವರ್ಷ ಇತ್ತು. ಇಷ್ಟೇ ದಂಡ ಅಂದ್ಮೇಲೆ ಯಾರು ಹೆದರ್ತಾರೆ ಹೇಳಿ.

ಹಾಗಂತ ಪ್ರಶಸ್ತಿಗಳೆಲ್ಲ ಸುಳ್ಳು ಅಂತ ನಾನು ಹೇಳ್ತಿಲ್ಲ. ಪದ್ಮ ಪ್ರಶಸ್ತಿ ತಗೊಳ್ಳಿ. ನಾಮನಿರ್ದೇಶನಕ್ಕೆ ಒಂದು ಪೈಸೆ ಕೊಡಬೇಕಾಗಿಲ್ಲ, ಯಾರು ಬೇಕಾದ್ರೂ ಆನ್‌ಲೈನಲ್ಲಿ ಮಾಡಬಹುದು. ವರ್ಷಕ್ಕೆ 120ಕ್ಕಿಂತ ಹೆಚ್ಚು ಕೊಡೋ ಹಾಗಿಲ್ಲ, ಮರಣೋತ್ತರವಾಗಿ ಮತ್ತು ವಿದೇಶದವರಿಗೆ ಕೊಡೋದನ್ನ ಬಿಟ್ಟು. ದುಡ್ಡು ಕೊಡಲ್ಲ. ಪದಕ ಮತ್ತು ರಾಷ್ಟ್ರಪತಿಗಳ ಸಹಿ ಇರೋ ಸನ್ನದು, ಅಷ್ಟೇ. ಅದಕ್ಕಿಂತ ಮುಖ್ಯ, 1995ರಲ್ಲಿ ಸುಪ್ರೀಂ ಕೋರ್ಟು ಬಾಲಾಜಿ ರಾಘವನ್ ಪ್ರಕರಣದಲ್ಲಿ ಹೇಳಿದ್ದು. ಪದ್ಮ ಪ್ರಶಸ್ತಿ ಬಿರುದಲ್ಲ, ಅದನ್ನ ಹೆಸರಿನ ಹಿಂದೆ ಮುಂದೆ ಎಲ್ಲೂ ಹಾಕ್ಕೋಬಾರದು. ಸಂವಿಧಾನದ 18ನೇ ವಿಧಿ ಬಿರುದುಗಳನ್ನ ರದ್ದು ಮಾಡಿದೆ ನೋಡಿ. ದೇಶದ ಅಷ್ಟು ದೊಡ್ಡ ಪ್ರಶಸ್ತಿಯನ್ನೇ ಬೋರ್ಡಲ್ಲಿ ಹೆಸರಿನ ಜೊತೆ ಅಂಟಿಸಬಾರದು ಅಂದ್ಮೇಲೆ ₹12,000ದ ಪ್ರಶಸ್ತಿ ಯಾವ ಲೆಕ್ಕ?

ನಮ್ಮ ರಾಜ್ಯೋತ್ಸವ ಪ್ರಶಸ್ತಿಗೂ ಈಗ ಸಂಖ್ಯೆಯ ಮಿತಿ ಇದೆ. ರಾಜ್ಯೋತ್ಸವಕ್ಕೆ ಎಷ್ಟನೇ ವರ್ಷವೋ ಅಷ್ಟು ಜನ. 2024ರಲ್ಲಿ 69. ಅಲ್ಲಿ ₹5 ಲಕ್ಷ ಮತ್ತು 25 ಗ್ರಾಂ ಚಿನ್ನದ ಪದಕವನ್ನ ಸರ್ಕಾರವೇ ಕೊಡುತ್ತೆ. ದುಡ್ಡು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತೆ ಅಂತ ನೋಡಿದ್ರೆ ಅರ್ಧ ವಿಷಯ ಗೊತ್ತಾಗುತ್ತೆ.

ಸೂಲಗಿತ್ತಿ ನರಸಮ್ಮ ಅವರ ಹೆಸರು ನಿಮಗೆ ಗೊತ್ತಿರುತ್ತೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು. ಓದು ಬರಹ ಇಲ್ಲ, 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, ದುಡ್ಡು ಕೇಳದೆ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ಕ್ಕೆ ತೀರಿಕೊಂಡರು. ಅವರಿಗೆ ಡಾಕ್ಟರೇಟ್ ಬಂದ ಮೇಲೂ ಜನ ಅವರನ್ನ ಕರೆದದ್ದು ಸೂಲಗಿತ್ತಿ ಅಂತಲೇ. ಆ ಹೆಸರಿನ ತೂಕವೇ ಸಾಕಾಗಿತ್ತು.

ಮೂಳೆಯ ಲೋಕದಲ್ಲಿ ನನಗೆ ತುಂಬ ಕಾಡೋದು ಜೈಪುರ ಕಾಲಿನ ಕಥೆ. ಕಾಲು ಕಳ್ಕೊಂಡೋರಿಗೆ ಹಾಕೋ ಆ ಅಗ್ಗದ ಕೃತಕ ಕಾಲು. ಅದನ್ನ ಮಾಡಿದ್ದು ಇಬ್ಬರು. ಒಬ್ಬರು ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯ ಮೂಳೆ ಸರ್ಜನ್ ಪ್ರಮೋದ್ ಕರಣ್ ಸೇಥಿ. ಇನ್ನೊಬ್ಬರು ರಾಮಚಂದ್ರ ಶರ್ಮಾ, ಎಲ್ಲರ ಬಾಯಲ್ಲಿ ಮಾಸ್ಟರ್‌ಜಿ. ಕೈಕೆಲಸದ ಕುಶಲಕರ್ಮಿ, ಹೆಚ್ಚು ಓದಿದವರಲ್ಲ. 1981ರಲ್ಲಿ ಸೇಥಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು, ಪದ್ಮಶ್ರೀ ಬಂತು. ಅವೆರಡರಲ್ಲೂ ಮಾಸ್ಟರ್‌ಜಿ ಹೆಸರಿಲ್ಲ. ಸೇಥಿಯವರು ಅರ್ಹರೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಪ್ರಾಮಾಣಿಕವಾಗಿ ಕೊಟ್ಟ ಪ್ರಶಸ್ತಿಗೂ ಡಿಗ್ರಿ ಇರೋರು ಬೇಗ ಕಾಣ್ತಾರೆ, ಕೈ ಮಾತ್ರ ಇರೋರು ಕಾಣಲ್ಲ. ಆ ಕಾಣದೇ ಇರೋ ಜಾಗದಲ್ಲೇ ಈ ₹12,000ದವರು ಅಂಗಡಿ ಇಟ್ಟಿರೋದು.

ಕಂಡರೂ ಕಷ್ಟ ಇದೆ. ಛತ್ತೀಸಗಢದ ನಾರಾಯಣಪುರದ ನಾಟಿ ವೈದ್ಯ ಹೇಮಚಂದ್ ಮಾಂಝಿ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ತಿಂಗಳೊಪ್ಪತ್ತಲ್ಲಿ ನಕ್ಸಲರಿಂದ ಬೆದರಿಕೆ. ಪ್ರಶಸ್ತಿ ವಾಪಸ್ ಕೊಡ್ತೀನಿ, ವೈದ್ಯವೃತ್ತಿಯನ್ನೂ ಬಿಡ್ತೀನಿ ಅಂತ ಆ ಹಿರಿಯರು ಹೇಳಬೇಕಾಯ್ತು.

ನಮ್ಮ ಅಣ್ಣನ ಹೆದರಿಕೆಗೆ ಉತ್ತರ ಕೊಡೋ ಹಾಗಿರೋ ಒಂದು ವರ್ಷ ಅಂದ್ರೆ ಅದೇ 2018. ಜನವರಿಯಲ್ಲಿ ಕೇರಳದ ಕಲ್ಲಾರ್ ಕಾಡಿನ ಲಕ್ಷ್ಮಿಕುಟ್ಟಿ ಅವರಿಗೆ ಪದ್ಮಶ್ರೀ ಘೋಷಣೆ ಆಯ್ತು. ವಿಷಕ್ಕೆ ಔಷಧಿ ಕೊಡೋ ಬುಡಕಟ್ಟು ವೈದ್ಯೆ. ಮೂರು ತಿಂಗಳಾಗಲಿಲ್ಲ, ಏಪ್ರಿಲ್ 13ಕ್ಕೆ ಸುಪ್ರೀಂ ಕೋರ್ಟಿಂದ ತೀರ್ಪು ಬಂತು. ಅದೂ ಕೇರಳದ ಪಾರಂಪರಿಕ ವೈದ್ಯರು ಹಾಕಿದ ಪ್ರಕರಣದಲ್ಲೇ. ಮಾನ್ಯ ವಿದ್ಯಾರ್ಹತೆ, ನೋಂದಣಿ ಇಲ್ಲದೆ ವೈದ್ಯವೃತ್ತಿ ಮಾಡೋ ಹಾಗಿಲ್ಲ, ಅರೆಬರೆ ತಿಳಿದೋರು ಜನರ ಜೀವದ ಜೊತೆ ಆಡಬಾರದು ಅನ್ನೋದು ಅದರ ಸಾರ. ಒಂದೇ ದೇಶ, ಒಂದೇ ರಾಜ್ಯ, ಒಂದೇ ವರ್ಷ. ಒಂದು ಕೈ ಸನ್ನದು ಕೊಡ್ತು, ಇನ್ನೊಂದು ಕೈ ಬಾಗಿಲು ಹಾಕ್ತು. ನಾನು ಅಣ್ಣನಿಗೆ ಇದನ್ನೇ ಹೇಳಿದೆ. ಪದ್ಮಶ್ರೀಯೇ ಲೈಸೆನ್ಸ್ ಆಗಲ್ಲ ಅಂದ್ರೆ, ಬೆಂಗಳೂರಿನ ಬಾಡಿಗೆ ಹಾಲಲ್ಲಿ ಕೊಟ್ಟ ಕಾಗದ ಅಧಿಕಾರಿ ಮುಂದೆ ಎಷ್ಟು ಹೊತ್ತು ನಿಲ್ಲುತ್ತೆ?

ಕೋರ್ಟು ಅಷ್ಟು ಕಠಿಣ ಯಾಕೆ ಅಂತ ಕೇಳೋರಿಗೆ ಒಂದು ಮಾತು. ಮೂಳೆಯ ವಿಷಯದಲ್ಲಿ ಅಪಾಯ ಇರೋದು ಕಟ್ಟಿನ ಬಿಗಿಯಲ್ಲಿ. ಮುರಿದ ಜಾಗ ಒಳಗೇ ಊದುತ್ತೆ. ಮೇಲಿಂದ ಬಿಗಿಯಾಗಿ ಕಟ್ಟಿದ್ರೆ ರಕ್ತ ಓಡಾಡಲ್ಲ. ಕೆಲವೇ ಗಂಟೆಯಲ್ಲಿ ಸ್ನಾಯು ಸಾಯೋಕೆ ಶುರುವಾಗುತ್ತೆ. ಮಕ್ಕಳಿಗೆ ಮೊಣಕೈ ಹತ್ತಿರ ಮುರಿದಾಗ ಇದು ಜಾಸ್ತಿ. ಕೈ ಜೀವಮಾನ ಪೂರ್ತಿ ಹಕ್ಕಿಯ ಪಂಜದ ಥರ ಮಡಚಿಕೊಂಡುಬಿಡುತ್ತೆ. ಜರ್ಮನಿಯ ವೋಕ್‌ಮನ್ ಅನ್ನೋ ಸರ್ಜನ್ ಇದನ್ನ 1881ರಲ್ಲೇ ಬರೆದಿಟ್ಟರು, ಆ ತೊಂದರೆಗೆ ಇವತ್ತಿಗೂ ಅವರದ್ದೇ ಹೆಸರು. ಪ್ಲಾಸ್ಟರ್ ಹಾಕಿದ್ರೂ ಆಗಬಹುದು, ದಬ್ಬೆ ಕಟ್ಟಿದ್ರೂ ಆಗಬಹುದು. ಕಟ್ಟು ಎಲ್ಲೇ ಹಾಕಿಸಿ, ಬೆರಳು ತಣ್ಣಗಾದ್ರೆ, ನೀಲಿ ಆದ್ರೆ, ಜೋಮು ಹಿಡಿದ್ರೆ, ಬೆರಳು ನೆಟ್ಟಗೆ ಮಾಡಿದ್ರೆ ತಡೆಯೋಕಾಗದ ನೋವಾದ್ರೆ, ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಓಡಿ.

ದೊಡ್ಡಪ್ಪ ಮೊದಲು ನೋಡೋದು ಬೆರಳೇ. ನಾನು ಚಿಕ್ಕಂದಿನಿಂದ ನೋಡಿದ್ದೀನಿ. ಬಂದ ತಕ್ಷಣ ಕಟ್ಟು ಹಾಕಲ್ಲ. ಬೆರಳು ಒತ್ತಿ ಬಿಡ್ತಾರೆ, ಬಣ್ಣ ವಾಪಸ್ ಬರುತ್ತಾ ಅಂತ ಕಾಯ್ತಾರೆ. ಮೂಳೆ ಚರ್ಮ ಸೀಳಿ ಹೊರಗೆ ಬಂದಿದ್ರೆ, ಸೊಂಟ ಆಗಿದ್ರೆ, ಚಿಕ್ಕ ಮಕ್ಕಳ ಮೊಣಕೈ ಆಗಿದ್ರೆ "ಇದು ನನ್ನ ಕೈಲಾಗಲ್ಲ ಕಣಪ್ಪಾ, ಮೆಗ್ಗಾನ್‌ಗೆ ಹೋಗಿ" ಅಂತಾರೆ. ಕೆಲವರು ಬೈಕೊಂಡು ಹೋಗ್ತಾರೆ, ಅಷ್ಟು ದೂರ ಬಂದಿದ್ದು ದಂಡ ಅಂತ. ಹಾಗೆ ವಾಪಸ್ ಕಳ್ಸಿದ್ದರಿಂದ ಎಷ್ಟು ಮಕ್ಕಳ ಕೈ ಉಳೀತೋ. ಆ ಫೋನ್ ಮಾಡಿದ ಆಯ್ಕೆ ಸಮಿತಿ ಇದನ್ನ ಕೇಳಲೇ ಇಲ್ಲ. ಅವರ ಅರ್ಜಿಯಲ್ಲಿ ಇದ್ದ ಕಾಲಂ "ಈವರೆಗೆ ಗುಣಪಡಿಸಿದ ರೋಗಿಗಳ ಸಂಖ್ಯೆ". ಅಣ್ಣ ಅಲ್ಲಿ ಪೆನ್ಸಿಲಲ್ಲಿ 50,000 ಅಂತ ಬರೆದಿದ್ದ. ಎಲ್ಲಿಂದ ಬಂತು ಅಂದ್ರೆ, "ಎಲ್ಲರೂ ಹಂಗೇ ಬರೀತಾರಂತೆ" ಅಂದ.

ಅಂದಹಾಗೆ ಮೆಗ್ಗಾನ್ ಅಂದ್ರೆ ಏನು ಅಂತ ಯೋಚನೆ ಮಾಡಿದ್ದೀರಾ? ಅದು ಟಿ.ಜಿ. ಮೆಗ್ಗಾನ್ ಅನ್ನೋ ಸರ್ಜನ್ ಒಬ್ಬರ ಹೆಸರು, ಮೈಸೂರು ಸಂಸ್ಥಾನದ ಕಾಲದವರು. ದಿನಕ್ಕೆ ಸಾವಿರ ಸಲ ಶಿವಮೊಗ್ಗದ ಆಟೋದೋರು ಆ ಹೆಸರು ಹೇಳ್ತಾರೆ. ಯಾರು ಅಂತ ಕೇಳಿದ್ರೆ ಗೊತ್ತಿಲ್ಲ ಅಂತಾರೆ.

ಭದ್ರಾವತಿಯೋರಿಗೆ ಸೇವೆಯ ಗುರುತು ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. 1918ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆಯ ಊರು ಅದು. ನಮ್ಮಪ್ಪನಿಗೆ ಕೆಲಸದಲ್ಲಿ ಸಿಕ್ಕಿದ ಒಂದು ಸ್ಮರಣಿಕೆ ಮನೆ ಶೋಕೇಸಲ್ಲಿದೆ, ಇಷ್ಟೇ ಇಷ್ಟು. ಅದರ ಹಿಂದೆ ಹಾಜರಿ ಪುಸ್ತಕ ಇತ್ತು, ಸರ್ವೀಸ್ ರಿಜಿಸ್ಟರ್ ಇತ್ತು, ಎಷ್ಟು ವರ್ಷ, ಯಾವ ವಿಭಾಗ, ಎಷ್ಟು ರಜೆ ಅಂತ ಪೂರ್ತಿ ದಾಖಲೆ ಇತ್ತು. ಸ್ಮರಣಿಕೆ ಕಳೆದುಹೋದ್ರೂ ಅಪ್ಪನ ಸೇವೆ ಕಾಗದದಲ್ಲಿರುತ್ತೆ. ದೊಡ್ಡಪ್ಪನ ಹತ್ತಿರ ಆ ಕಾಗದವೇ ಇಲ್ಲ.

ಅಂಥದ್ದಕ್ಕೆ ದಾರಿ ಒಂದು ಇದೆ, ಸಣ್ಣದು. ಭಾರತೀಯ ಗುಣಮಟ್ಟ ಮಂಡಳಿ ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯ ಜೊತೆ ಸೇರಿ ಪಾರಂಪರಿಕ ವೈದ್ಯರಿಗೆ ಸ್ವಯಂಪ್ರೇರಿತ ಪ್ರಮಾಣೀಕರಣ ಯೋಜನೆ ಮಾಡಿದೆ. ಹೆರಿಗೆ, ಕಾಮಾಲೆ, ವಿಷ ಕಡಿತ ಹೀಗೆ ವಿಭಾಗಗಳಿವೆ, ಮೂಳೆ ಕಟ್ಟೋದಕ್ಕೂ ಒಂದಿದೆ. ಬಾಯಿಮಾತಲ್ಲಿ ಪ್ರಶ್ನೆ ಕೇಳ್ತಾರೆ, ಕೈಯಲ್ಲಿ ಮಾಡಿ ತೋರಿಸಬೇಕು, ಯಾವುದನ್ನ ಮುಟ್ಟಬಾರದು ಅಂತ ಗೊತ್ತಿದೆಯಾ ಅಂತಲೂ ನೋಡ್ತಾರೆ. ಅದೂ ಲೈಸೆನ್ಸ್ ಅಲ್ಲ, 2018ರ ತೀರ್ಪನ್ನ ಅದು ದಾಟಿಸಲ್ಲ. ಆದ್ರೂ ಯಾರೋ ಒಬ್ಬರು ಕೂತು ಕೆಲಸ ನೋಡಿ ಕೊಟ್ಟ ಕಾಗದ. ಇಂಥದ್ದಕ್ಕೂ ಕಾನೂನಿಗೂ ಮಧ್ಯೆ ಒಂದು ಸೇತುವೆ ಸರ್ಕಾರ ಕಟ್ಟಬೇಕು ಅನ್ನೋದು ನನ್ನ ಅಭಿಪ್ರಾಯ. ಇಂಥಿಂಥ ಉಳುಕು ನೀನು ನೋಡ್ಕೋ, ಇಂಥ ಮುರಿತ ಬಂದ್ರೆ ಕಡ್ಡಾಯ ಆಸ್ಪತ್ರೆಗೆ ಕಳ್ಸು, ಬಂದವರ ಹೆಸರು ಬರೆದಿಡು, ತಪ್ಪಾದ್ರೆ ಉತ್ತರ ಕೊಡು. ನಮ್ಮಮ್ಮ ಬಿದ್ದು ಕೈ ಮುರ್ಕೊಂಡ್ರೆ ಎಲ್ಲಿಗೆ ಕರ್ಕೊಂಡು ಹೋಗ್ತೀಯ ಅಂದ್ರೆ, ಮೊದಲು ಎಕ್ಸ್‌ರೇಗೆ. ದೊಡ್ಡಪ್ಪನೇ ಹಾಗೆ ಹೇಳ್ತಾರೆ.

ಕೊನೆಗೆ ಪ್ರಶಸ್ತಿ ಏನಾಯ್ತು ಅಂತ ಕೇಳ್ತೀರಿ. ಅಣ್ಣ ಮುಂಗಡ ಅಂತ ₹2,000 ಕಳ್ಸಿಬಿಟ್ಟಿದ್ದ, ಅದು ವಾಪಸ್ ಬಂದಿಲ್ಲ. ದೊಡ್ಡಪ್ಪ ಹೋಗಲಿಲ್ಲ. ದೊಡ್ಡ ತತ್ವ ಏನೂ ಅಲ್ಲ. "ಭಾನುವಾರ ಜನ ಬರ್ತಾರೆ, ಮೇಲೆ ಅಷ್ಟು ದೂರ ಬಸ್ಸಲ್ಲಿ ಕೂತ್ರೆ ನನ್ನ ಮಂಡಿನೇ ಹಿಡ್ಕೊಳ್ಳುತ್ತೆ" ಅಂದ್ರು. ನಾನು ಒಂದು ಇನ್ನೂರು ಪುಟದ ನೋಟ್‌ಬುಕ್ ತಂದುಕೊಟ್ಟೆ. ತಾರೀಖು, ಹೆಸರು, ಊರು, ಏನಾಗಿತ್ತು, ಏನು ಮಾಡಿದ್ವಿ, ಹೀಗೆ ಐದು ಕಾಲಂ ಗೆರೆ ಹಾಕಿ. ಅಣ್ಣನೇ ಬರೀತಾನೆ. ಮೊದಲ ಪುಟದಲ್ಲಿ ಹನ್ನೊಂದು ಹೆಸರಿದೆ. ಅದರಲ್ಲಿ ನಾಲ್ಕರ ಮುಂದೆ ಬರೀ ಒಂದು ಪದ, "ಮೆಗ್ಗಾನ್".

ನಿಮ್ಮ ಮನೆಗೋ, ನಿಮ್ಮೂರ ವೈದ್ಯರಿಗೋ ಇಂಥ ಫೋನ್ ಬಂದಿದ್ರೆ ನನಗೊಂದು ವಾಯ್ಸ್ ಮೆಸೇಜ್ ಕಳ್ಸಿ. ಎಷ್ಟು ಕೇಳಿದರು, ಏನೇನು ಕೊಡ್ತೀವಿ ಅಂದರು ಅಂತ. ಹೆಸರು ಬೇಡ, ಬ್ಯಾಂಕಿನ ವಿವರವಂತೂ ಬೇಡವೇ ಬೇಡ. ಡಾಕ್ಟರುಗಳು ಕೇಳ್ತಿದ್ರೆ ನೀವೂ ಕಳ್ಸಿ, ನಿಮ್ಮ ಪ್ಯಾಕೇಜಿನ ದರ ಕೇಳೋಕೆ ನನಗೆ ತುಂಬ ಕುತೂಹಲ.